ಶೆರೀಫನ ಅರ್ಹತೆ: ನೆಲ, ಪ್ರಮಾಣ, ಜಾಮೀನು

1887ನೆಯ ಇಸವಿಯಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ಶೆರೀಫರ ವಿಷಯವಾಗಿ ಶತಮಾನಗಳಿಂದ ಚದುರಿಬಿದ್ದಿದ್ದ ಶಾಸನಗಳನ್ನೆಲ್ಲ ಒಂದೆಡೆಗೆ ತಂದು, ಸವೆದುಹೋದುದನ್ನು ಕಳೆದು, ಬಾಳತಕ್ಕುದನ್ನು ಉಳಿಸಿ, ಒಂದು ಕಾಯಿದೆಯನ್ನು ರಚಿಸಿತು. ಒಂದು ಕೌಂಟಿಗೆ, ಎಂದರೆ ಜಿಲ್ಲೆಗೆ, ಶೆರೀಫನಾಗಿ ನೇಮಕಗೊಳ್ಳುವವನಿಗೆ, ರಾಣಿಗೂ ಆಕೆಯ ಪ್ರಜೆಗಳಿಗೂ ಉತ್ತರವಾದಿಯಾಗಿ ನಿಲ್ಲುವುದಕ್ಕೆ ಸಾಕಾಗುವಷ್ಟು ಭೂಮಿ ಆ ಕೌಂಟಿಯೊಳಗೇ ಇರತಕ್ಕದ್ದೆಂದು ಆ ಕಾಯಿದೆಯ ನಾಲ್ಕನೆಯ ಪ್ರಕರಣವು ವಿಧಿಸುತ್ತದೆ. ಎಷ್ಟು ಎಕರೆ ಇದ್ದರೆ ಸಾಕೆಂಬುದನ್ನು ಅದು ಹೇಳುವುದಿಲ್ಲ. ಅವನ ವಿದ್ಯೆಯನ್ನಾಗಲಿ, ದೇಹಬಲವನ್ನಾಗಲಿ, ನ್ಯಾಯಶಾಸ್ತ್ರದ ಪರಿಚಯವನ್ನಾಗಲಿ ವಿಚಾರಿಸುವುದಿಲ್ಲ. ಅಪರಾಧಿಗಳನ್ನು ಹಿಡಿಸುವ, ನ್ಯಾಯಾಲಯದ ಆಜ್ಞೆಗಳನ್ನು ಜಾರಿಗೊಳಿಸುವ, ಮರಣದಂಡನೆಯನ್ನು ಸಹ ನಡೆಯಿಸಬೇಕಾಗಿದ್ದ ಅಧಿಕಾರಿಗೆ ನೆಲವೊಂದೇ ಯೋಗ್ಯತೆಯ ಅಳತೆಗೋಲಾದುದು ಇಂದಿನ ಓದುಗನಿಗೆ ಸಿರಿವಂತರ ಪಕ್ಷಪಾತವಾಗಿ ತೋರಿದರೆ ಆಶ್ಚರ್ಯವಿಲ್ಲ. ಪಕ್ಷಪಾತವು ಅದರಲ್ಲಿ ಇದ್ದೇ ಇತ್ತು. ಆದರೂ ಆ ವಿಧಿಯು ಹುಟ್ಟಿದ ಸಂದರ್ಭವನ್ನು ಪರಿಶೀಲಿಸಿದವರಿಗೆ, ಅಧಿಕಾರಿಯ ಕೈಯಲ್ಲಿ ನೊಂದವನಿಗೆ ಪರಿಹಾರದ ದಾರಿಯೊಂದನ್ನು ತೆರೆದಿಡುವುದೇ ಅದರ ಮೂಲ ಉದ್ದೇಶವಾಗಿದ್ದಿತೆಂಬುದು ಮನವರಿಕೆಯಾಗದೆ ಇರದು. ಶೆರೀಫನ ಅರ್ಹತೆಗಳ ಸುದೀರ್ಘ ಚರಿತ್ರೆಯಲ್ಲಿ ಇಂದಿಗೂ ಪಾಠ ಹೇಳಬಲ್ಲ ಭಾಗವು ಇದೇ ಎಂದು ನಾನು ನಂಬಿದ್ದೇನೆ.

ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚೆಯೇ ಇದ್ದ ಈ ಪದವಿಯು, ಅವರ ಆಳ್ವಿಕೆಯಲ್ಲಿ ಅಪಾರವಾಗಿ ಬಲಿಯಿತು. ಕಂದಾಯವನ್ನು ವಸೂಲು ಮಾಡುವವನು, ಕೌಂಟಿಯ ನ್ಯಾಯಸಭೆಯನ್ನು ನಡೆಸುವವನು, ಕಳ್ಳರನ್ನು ಬೆನ್ನಟ್ಟಲು ಊರಿನ ಗಂಡಸರನ್ನೆಲ್ಲ ಕೂಗಿ ಕರೆಯುವವನು, ಸೆರೆಮನೆಯ ಬೀಗವನ್ನು ಕಾಯುವವನು, ಜೂರಿಗಳನ್ನು ಆರಿಸಿ ಕೂಡಿಸುವವನು, ಮುಂದೆ ಪಾರ್ಲಿಮೆಂಟು ಹುಟ್ಟಿದ ಮೇಲೆ ಅದರ ಚುನಾವಣೆಯನ್ನು ನಡೆಯಿಸಿ ಗೆದ್ದವನ ಹೆಸರನ್ನು ಬರೆದು ಕಳುಹಿಸುವವನು, ಇವರೆಲ್ಲರೂ ಒಬ್ಬನೇ ಆಗಿದ್ದನು. ಇಷ್ಟು ಅಧಿಕಾರವಿದ್ದ ಪದವಿಯನ್ನು ದೊರೆಗಳು ಬಹುಕಾಲ ಇಜಾರಕ್ಕೆ ಕೊಡುತ್ತಿದ್ದರು. ಕೌಂಟಿಯಿಂದ ಬರಬೇಕಾದ ಹಣವನ್ನು ನಿಗದಿಪಡಿಸಿ, ಅದನ್ನು ಖಜಾನೆಗೆ ಸಲ್ಲಿಸಿದ ಮೇಲೆ ಉಳಿದುದನ್ನು ಇಜಾರದಾರನೇ ಇಟ್ಟುಕೊಳ್ಳಬಹುದೆಂಬ ಏರ್ಪಾಟು ಎಂತಹ ಮನುಷ್ಯರನ್ನು ಆಕರ್ಷಿಸುವುದೆಂಬುದನ್ನು ವಿವರಿಸಬೇಕಾದುದಿಲ್ಲ. 1170ರಲ್ಲಿ ಎರಡನೆಯ ಹೆನ್ರಿಯು ದೀರ್ಘ ಕಾಲದ ಪರದೇಶವಾಸದಿಂದ ಹಿಂದಿರುಗಿದಾಗ ಪ್ರಜೆಗಳ ದೂರು ಎಷ್ಟು ಬೆಳೆದಿದ್ದಿತೆಂದರೆ, ಆತನು ರಾಜ್ಯದಾದ್ಯಂತ ವಿಚಾರಣೆಯನ್ನು ಏರ್ಪಡಿಸಿ, ಶೆರೀಫರಲ್ಲಿ ಬಹುಪಾಲಿನವರನ್ನು ಒಮ್ಮೆಗೇ ಕೆಲಸದಿಂದ ತೆಗೆದುಹಾಕಿದನು.

ತೆಗೆದುಹಾಕುವುದು ದೊರೆಯ ಇಚ್ಛೆ. ಯಾರನ್ನು ನೇಮಿಸಬಾರದೆಂಬುದು ಕಾನೂನಿನ ಮಾತಾಗಬೇಕಾದರೆ ಇನ್ನೂ ಸುಮಾರು ಅರ್ಧ ಶತಮಾನ ಹಿಡಿಯಿತು. 1215ರ ಮ್ಯಾಗ್ನಾ ಕಾರ್ಟಾದಲ್ಲಿ, ರಾಜ್ಯದ ಕಾನೂನನ್ನು ಬಲ್ಲವರನ್ನೂ ಅದನ್ನು ಚೆನ್ನಾಗಿ ಪಾಲಿಸುವ ಮನಸ್ಸುಳ್ಳವರನ್ನೂ ಹೊರತು ಬೇರೆಯವರನ್ನು ನ್ಯಾಯಾಧೀಶರನ್ನಾಗಿಯಾಗಲಿ ಶೆರೀಫರನ್ನಾಗಿಯಾಗಲಿ ನೇಮಿಸುವುದಿಲ್ಲವೆಂದು ಜಾನ್ ದೊರೆಯ ಬಾಯಿಂದ ಹೇಳಿಸಿದ ಕಲಮು ಒಂದಿದೆ. ಶೆರೀಫನ ಯೋಗ್ಯತೆಯನ್ನು ಸಾಮಾನ್ಯ ನಿಯಮದ ರೂಪದಲ್ಲಿ ಹೇಳಿದ ಪ್ರಾಚೀನ ವಚನಗಳಲ್ಲಿ ಅದು ಪ್ರಮುಖವಾದುದು. ಬಲ್ಲವರಾಗಿದ್ದರೆ ಸಾಲದು, ಪಾಲಿಸುವ ಮನಸ್ಸೂ ಇರಬೇಕೆಂದು ಎರಡನ್ನೂ ಕೂಡಿಸಿ ಹೇಳಿದವರ ವಿವೇಕಕ್ಕೆ ತಲೆಬಾಗಲೇಬೇಕು. ಅದೇ ಸನದಿನ ಇನ್ನೊಂದು ಕಲಮು ಕೆಲವು ಅಧಿಕಾರಿಗಳನ್ನು ಹೆಸರಿಸಿಯೇ ಹೊರಹಾಕಿತು. ಅವರಲ್ಲಿ ನಾಟಿಂಗ್‌ಹ್ಯಾಮಿನ ಶೆರೀಫನಾಗಿದ್ದ ಫಿಲಿಪ್ ಮಾರ್ಕನೂ ಒಬ್ಬನು. ರಾಬಿನ್ ಹುಡ್ಡನ ಕಥೆಗಳಲ್ಲಿ ಬರುವ ಕ್ರೂರ ಶೆರೀಫನಿಗೆ ಈತನೇ ಮೂಲವಿರಬಹುದೆಂದು ಊಹಿಸುವವರುಂಟು. ಅದು ನಿಜವೋ ಅಲ್ಲವೋ, ಜನರ ಕಥೆಗಳಲ್ಲಿ ದೊರೆಗಿಂತ ಶೆರೀಫನೇ ಹೆಚ್ಚು ದ್ವೇಷಕ್ಕೆ ಪಾತ್ರನಾದುದಕ್ಕೆ ಕಾರಣವು ಸ್ಪಷ್ಟವಾಗಿದೆ: ದೊರೆಯು ದೂರದಲ್ಲಿದ್ದನು, ಬಾಗಿಲಿಗೆ ಬರುತ್ತಿದ್ದವನು ಶೆರೀಫನು.

ಕಾನೂನನ್ನು ಬಲ್ಲವನೆಂಬ ಮಾತನ್ನು ಹೇಳುವುದು ಸುಲಭ, ಪರೀಕ್ಷಿಸುವುದು ಕಷ್ಟ. ಸದ್ಗುಣದ ಪರೀಕ್ಷೆಯಂತೂ ಇನ್ನೂ ಕಷ್ಟ. ಆದುದರಿಂದ ಮುಂದಿನ ನೂರು ವರ್ಷಗಳಲ್ಲಿ ಇಂಗ್ಲೆಂಡಿನ ಜನರು ಕಣ್ಣಿಗೆ ಕಾಣುವ, ಕೈಯಿಂದ ಮುಟ್ಟಬಹುದಾದ ಗುರುತೊಂದನ್ನು ಹುಡುಕಿದರು. ಜಾನನ ಕಾಲದಲ್ಲಿಯೇ ಕೆಲವು ಕೌಂಟಿಗಳವರು, ಪರಸ್ಥಳದ ಶೆರೀಫನು ತಮಗೆ ಬೇಡ, ತಮ್ಮೊಳಗಿನವನೊಬ್ಬನನ್ನು ಕೊಡಬೇಕೆಂದು ದೊರೆಗೆ ಹಣವನ್ನು ತೆತ್ತು ಆ ಹಕ್ಕನ್ನು ಪಡೆದುಕೊಂಡಿದ್ದರು. 1258ರಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ ಶ್ರೀಮಂತರು, ಶೆರೀಫನು ಆ ಕೌಂಟಿಯಲ್ಲಿಯೇ ಭೂಮಿಯುಳ್ಳವನಾಗಿರಬೇಕು, ಒಂದೇ ವರ್ಷ ಅಧಿಕಾರದಲ್ಲಿರಬೇಕು, ಲಂಚಕ್ಕೆ ಕೈಚಾಚಬಾರದು ಎಂದು ಗೊತ್ತುಪಡಿಸಿದರು. ಆ ವ್ಯವಸ್ಥೆಯು ಬಹುಕಾಲ ನಿಲ್ಲಲಿಲ್ಲವಾದರೂ ಅದರ ಆಶಯವು ಅಳಿಯಲಿಲ್ಲ. 1316ರಲ್ಲಿ, ಎಡೆಬಿಡದ ಮಳೆಯಿಂದ ಬೆಳೆಗಳು ಕೊಳೆತು ಯೂರೋಪೆಲ್ಲ ಹಸಿವಿನಿಂದ ತತ್ತರಿಸುತ್ತಿದ್ದ ಕಾಲದಲ್ಲಿ, ಲಿಂಕನ್ ನಗರದಲ್ಲಿ ಕೂಡಿದ ಪಾರ್ಲಿಮೆಂಟು, ದೊರೆಗೂ ಪ್ರಜೆಗಳಿಗೂ ಉತ್ತರ ಕೊಡಲು ಸಾಕಾಗುವಷ್ಟು ಭೂಮಿಯು ಆ ಕೌಂಟಿಯಲ್ಲಿ ಇಲ್ಲದವನು ಶೆರೀಫನಾಗಬಾರದೆಂದು ಶಾಸನ ಮಾಡಿತು. 1887ರ ಕಾಯಿದೆಯು ಪುನಃ ಬರೆದುಕೊಂಡುದು ಇದನ್ನೇ.

ಭೂಮಿಯೇ ಏಕೆ ಎಂಬ ಪ್ರಶ್ನೆಗೆ ಉತ್ತರವು ಆ ಕಾಲದ ವ್ಯವಹಾರದಲ್ಲಿದೆ. ಸಾಲಗಾರನೊಬ್ಬನು ನ್ಯಾಯಾಲಯದ ಆಜ್ಞೆಯಂತೆ ಬಂಧನಕ್ಕೆ ಒಳಗಾಗಿ ಶೆರೀಫನ ಸೆರೆಮನೆಯಲ್ಲಿದ್ದಾನೆಂದು ಭಾವಿಸೋಣ. ಕಾವಲುಗಾರನ ಅಜಾಗ್ರತೆಯಿಂದಲೋ, ಕೈಬಿಸಿಯಿಂದಲೋ, ಗೋಡೆಯ ದೌರ್ಬಲ್ಯದಿಂದಲೋ ಅವನು ತಪ್ಪಿಸಿಕೊಂಡು ಹೋದರೆ, ಸಾಲ ಕೊಟ್ಟವನಿಗೆ ಗತಿ ಯಾವುದು? ಇಂಗ್ಲೆಂಡಿನ ಕಾನೂನು ಇಲ್ಲಿ ತೋರಿದ ನಿಷ್ಠುರತೆಯು ಮೆಚ್ಚತಕ್ಕದ್ದು: ಓಡಿಹೋದವನ ಸಾಲವನ್ನು ಶೆರೀಫನು ತನ್ನ ಕೈಯಿಂದ ಕೊಡಬೇಕು. ಜಪ್ತಿ ಮಾಡಿದ ದನವು ಕಾಣೆಯಾದರೆ, ವಸೂಲು ಮಾಡಿದ ಹಣವು ಖಜಾನೆಗೆ ಸೇರದಿದ್ದರೆ, ತಪ್ಪು ಮನುಷ್ಯನ ಸ್ವತ್ತಿಗೆ ಕೈಹಾಕಿದರೆ, ಆಗಲೂ ನಷ್ಟವನ್ನು ತುಂಬತಕ್ಕವನು ಅವನೇ. ಅವನ ಕೈಕೆಳಗಿನ ಅಮೀನರು ಮಾಡಿದ ತಪ್ಪಿಗೂ ಅವನೇ ಹೊಣೆಗಾರ. ಇಂತಹ ಹೊಣೆಯನ್ನು ಹೊರಿಸಿದ ಮೇಲೆ, ಆ ಮನುಷ್ಯನ ಬಳಿ ವಸೂಲು ಮಾಡಿಕೊಳ್ಳಲು ಏನಾದರೂ ಇರಬೇಕಷ್ಟೆ. ಚಿನ್ನಬೆಳ್ಳಿಯನ್ನು ಗಂಟುಕಟ್ಟಿಕೊಂಡು ರಾತ್ರೋರಾತ್ರಿ ಊರು ಬಿಡಬಹುದು, ಹೊಲವನ್ನು ಗಂಟುಕಟ್ಟಲಾಗದು. ಅದೂ ಅದೇ ಕೌಂಟಿಯಲ್ಲಿ ಇರಬೇಕೆಂದುದರಿಂದ, ನೊಂದವನು ಪರಿಹಾರವನ್ನು ಹುಡುಕುತ್ತ ದೇಶದ ಇನ್ನೊಂದು ತುದಿಗೆ ಅಲೆಯಬೇಕಾಗಿರಲಿಲ್ಲ. ಶೆರೀಫನ ಭೂಮಿಯು ಅವನ ಪ್ರತಿಷ್ಠೆಯ ಗುರುತಾಗಿ ಲೋಕಕ್ಕೆ ಕಂಡಿರಬಹುದು. ಕಾನೂನಿನ ಕಣ್ಣಿಗೆ ಅದು ಪ್ರಜೆಗಳ ಹೆಸರಿನಲ್ಲಿ ಮೊದಲೇ ಬರೆದಿಟ್ಟ ಒಂದು ಒತ್ತೆಯಾಗಿದ್ದಿತು.

ನೆಲದ ನಿಬಂಧನೆಯ ಜೊತೆಯಲ್ಲಿ ಕಾಲದ ನಿಬಂಧನೆಯೊಂದು ಬೆಳೆದುಬಂದಿತು. 1340ರ ಶಾಸನವು ಯಾವ ಶೆರೀಫನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಧಿಕಾರದಲ್ಲಿ ಇರಕೂಡದೆಂದಿತು. 1377ರಲ್ಲಿ, ಒಂದು ಸಲ ವರ್ಷಪೂರ್ತಿ ಶೆರೀಫನಾಗಿದ್ದವನನ್ನು, ಬೇರೆ ಯೋಗ್ಯನು ಇರುವಾಗ, ಮುಂದಿನ ಮೂರು ವರ್ಷಗಳೊಳಗೆ ಪುನಃ ಆರಿಸಬಾರದೆಂದಾಯಿತು. ಇವೆರಡೂ 1887ರ ಕಾಯಿದೆಯಲ್ಲಿ ಸ್ಥಾನ ಪಡೆದಿವೆ. ಅಧಿಕಾರದಲ್ಲಿ ಇರುವವನ ಮೇಲೆ ದಾವೆ ಹೂಡಲು ಯಾರಿಗೆ ಧೈರ್ಯ? ಅವನು ಕೆಳಗಿಳಿದು ಸಾಮಾನ್ಯ ಗೃಹಸ್ಥನಾಗಿ ತನ್ನ ಹೊಲದಲ್ಲಿ ನಿಂತಾಗಲೇ ನೆರೆಯವರು ಲೆಕ್ಕ ಕೇಳಬಲ್ಲರು. ಹೀಗೆ ಮೂರು ವರ್ಷಗಳ ಈ ವಿರಾಮವನ್ನು ನಾನು ಕೇವಲ ಸರದಿಯ ಏರ್ಪಾಟೆಂದು ಭಾವಿಸಲಾರೆ. ಭೂಮಿಯ ನಿಬಂಧನೆಯು ಫಲಿಸಬೇಕಾದರೆ ಇದು ಬೇಕೇ ಬೇಕಾಗಿದ್ದಿತು.

ಆದರೆ ಒಳ್ಳೆಯ ನಿಯಮಕ್ಕೂ ಒಂದು ಬೆಲೆಯುಂಟು. ಹೊಣೆಯು ಬೆಳೆದು ಲಾಭವು ಕುಗ್ಗಿದಂತೆಲ್ಲ, ಈ ಪದವಿಯನ್ನು ಬೇಡಿಕೊಂಡು ಬರುತ್ತಿದ್ದವರ ಜಾಗದಲ್ಲಿ ಬೇಡವೆಂದು ಬೇಡಿಕೊಳ್ಳುವವರು ತುಂಬಿದರು. ಸಂಬಳವಿಲ್ಲ, ನ್ಯಾಯಾಧೀಶರು ಪ್ರವಾಸ ಬಂದಾಗ ಸತ್ಕಾರದ ವೆಚ್ಚವು ಸ್ವಂತದ್ದು, ಲೆಕ್ಕವು ತಪ್ಪಿದರೆ ಖಜಾನೆಯ ಕಾಟ. ಆದರೂ ನೇಮಕವಾದ ಮೇಲೆ ಒಲ್ಲೆನೆನ್ನುವಂತಿರಲಿಲ್ಲ, ಎಂದರೆ ದಂಡ. ಅರ್ಹತೆಯೆಂಬುದು ಹೀಗೆ ಹಕ್ಕಿನ ರೂಪವನ್ನು ಬಿಟ್ಟು ಋಣದ ರೂಪವನ್ನು ತಾಳಿತು. ಅಧಿಕಾರದಲ್ಲಿದ್ದವರು ಇದನ್ನೇ ಆಯುಧವಾಗಿ ಬಳಸಿಕೊಂಡುದೂ ಉಂಟು. 1625ರಲ್ಲಿ ಒಂದನೆಯ ಚಾರ್ಲ್ಸನು ತನಗೆ ಎದುರುಬಿದ್ದ ಪಾರ್ಲಿಮೆಂಟಿನ ಪ್ರಮುಖರನ್ನು ಆರಿಸಿ ಆರಿಸಿ ಶೆರೀಫರನ್ನಾಗಿ ನೇಮಿಸಿದನು. ಶೆರೀಫನು ತನ್ನ ಕೌಂಟಿಯನ್ನು ಬಿಟ್ಟು ಹೋಗುವಂತಿಲ್ಲ, ಚುನಾವಣೆಯನ್ನು ನಡೆಯಿಸುವವನು ತಾನೇ ಸಭೆಗೆ ಹೋಗಿ ಕೂಡುವಂತಿಲ್ಲ. ಆದುದರಿಂದ 1626ರ ಪಾರ್ಲಿಮೆಂಟಿನಲ್ಲಿ ಅವರ ಧ್ವನಿ ಅಡಗುವುದೆಂಬುದು ದೊರೆಯ ಲೆಕ್ಕಾಚಾರ. ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶನಾಗಿದ್ದ, ಎಪ್ಪತ್ತು ದಾಟಿದ ಸರ್ ಎಡ್ವರ್ಡ್ ಕೋಕನಿಗೆ ಬಕಿಂಗ್‌ಹ್ಯಾಮ್‌ಷೈರಿನ ಶೆರೀಫಗಿರಿಯು ಹೀಗೆ ಬಂದಿತು. ಆ ವೃದ್ಧನು ಸುಮ್ಮನಿರಲಿಲ್ಲ. ಶೆರೀಫನು ಸ್ವೀಕರಿಸಬೇಕಾದ ಪ್ರಮಾಣವಚನವನ್ನು ಅಕ್ಷರಶಃ ಶೋಧಿಸಿ, ಲೋಲಾರ್ಡರೆಂಬ ಹಳೆಯ ಪಂಥದವರನ್ನು ನಾಶಪಡಿಸುವೆನೆಂಬ ಮಾತು ಅದರಲ್ಲಿ ಇನ್ನೂ ಉಳಿದಿರುವುದನ್ನು ತೋರಿಸಿ, ಕಾಲ ಮೀರಿದ ಆ ಪ್ರತಿಜ್ಞೆಯನ್ನು ತಾನು ಹೇಗೆ ಮಾಡಲೆಂದು ಕೇಳಿದನು. ಆ ಭಾಗವನ್ನು ತೆಗೆದುಹಾಕಲಾಯಿತು. ಕೋಕನು ಶೆರೀಫನಾದುದು ಮಾತ್ರ ತಪ್ಪಲಿಲ್ಲ.

ಪ್ರಮಾಣವಚನದ ಪ್ರಸ್ತಾಪ ಬಂದುದರಿಂದ, ಅರ್ಹತೆಗಳ ಚರಿತ್ರೆಯಲ್ಲಿ ಅತ್ಯಂತ ಅನ್ಯಾಯದ ಅಧ್ಯಾಯವನ್ನು ಇಲ್ಲಿ ಹೇಳಲೇಬೇಕು. 1661ರ ಕಾಯಿದೆಯ ಪ್ರಕಾರ, ಹಿಂದಿನ ಒಂದು ವರ್ಷದೊಳಗೆ ಇಂಗ್ಲೆಂಡಿನ ರಾಜಮಾನ್ಯ ಚರ್ಚಿನ ವಿಧಿಯಂತೆ ಪ್ರಸಾದವನ್ನು ಸ್ವೀಕರಿಸದವರು ನಗರಸಭೆಗಳ ಅಧಿಕಾರಸ್ಥಾನಕ್ಕೆ ಅನರ್ಹರು. ಬೇರೆ ಪಂಥಗಳ ಕ್ರೈಸ್ತರು ಇದರಿಂದ ಹೊರಗುಳಿದರು. ಹೊರಗಿಟ್ಟುದು ಸಾಲದೆ, ಲಂಡನ್ ನಗರಸಭೆಯು 1748ರಲ್ಲಿ ಉಪವಿಧಿಯೊಂದನ್ನು ಮಾಡಿ, ಶೆರೀಫನ ಸ್ಥಾನಕ್ಕೆ ನಿಲ್ಲಲು ಒಪ್ಪದವನಿಗೆ ನಾಲ್ಕುನೂರು ಪೌಂಡು ಇಪ್ಪತ್ತು ಮಾರ್ಕು, ಚುನಾಯಿತನಾದ ಮೇಲೆ ಅಧಿಕಾರ ವಹಿಸಿಕೊಳ್ಳದವನಿಗೆ ಆರುನೂರು ಪೌಂಡು ದಂಡವನ್ನು ಗೊತ್ತುಪಡಿಸಿತು. ಅನಂತರ ನಡೆದ ಕೆಲಸ ಇದು: ಧರ್ಮದ ಕಾರಣದಿಂದ ಅಧಿಕಾರವನ್ನು ವಹಿಸಲಾರದವರೆಂದು ಗೊತ್ತಿದ್ದ ಶ್ರೀಮಂತ ವರ್ತಕರನ್ನೇ ಹುಡುಕಿ ಚುನಾಯಿಸುವುದು, ಅವರು ಹಿಂಜರಿದೊಡನೆ ದಂಡವನ್ನು ಕಕ್ಕಿಸುವುದು. ಹೀಗೆ ಸೇರಿದ ಹದಿನೈದು ಸಾವಿರ ಪೌಂಡಿಗೂ ಮಿಕ್ಕ ಹಣವು ಲಂಡನ್ನಿನ ಮೇಯರನ ನಿವಾಸವಾದ ಮ್ಯಾನ್ಷನ್ ಹೌಸಿನ ಕಟ್ಟಡಕ್ಕೆ ವಿನಿಯೋಗವಾಯಿತು. ಕಾನೂನೇ ಅನರ್ಹನೆಂದು ಸಾರಿದವನನ್ನು, ಅರ್ಹನಾಗಲಿಲ್ಲವೆಂಬ ತಪ್ಪಿಗೆ ಶಿಕ್ಷಿಸುವ ಈ ಕ್ರಮವನ್ನು ಆಲೆನ್ ಎವನ್ಸ್ ಎಂಬ ವರ್ತಕನು ಸಂಗಡಿಗರೊಡನೆ ಪ್ರತಿಭಟಿಸಿ ನ್ಯಾಯಾಲಯದ ಮೆಟ್ಟಿಲೇರಿದನು. ವ್ಯಾಜ್ಯವು ಹತ್ತು ವರ್ಷಗಳಿಗೂ ಹೆಚ್ಚು ಎಳೆದು 1767ರಲ್ಲಿ ಲಾರ್ಡುಗಳ ಸಭೆಯಲ್ಲಿ ಮುಕ್ತಾಯವಾದಾಗ, ರಾಜಮಾನ್ಯ ಚರ್ಚನ್ನು ಅನುಸರಿಸದಿರುವುದು ಅಪರಾಧವಲ್ಲವೆಂದು ಲಾರ್ಡ್ ಮ್ಯಾನ್ಸ್‌ಫೀಲ್ಡನು ಸಾರಿ ಎವನ್ಸನ ಪಕ್ಷವನ್ನು ಎತ್ತಿಹಿಡಿದನು. ಆ ವೇಳೆಗೆ ಎವನ್ಸನು ಮರಣಶಯ್ಯೆಯಲ್ಲಿದ್ದನು.

ಯೆಹೂದ್ಯರಿಗೆ ಅಡ್ಡವಾಗಿದ್ದುದು ಪ್ರಮಾಣವಚನದ ಕೊನೆಯಲ್ಲಿದ್ದ, ಕ್ರೈಸ್ತನ ನಿಜವಾದ ಶ್ರದ್ಧೆಯ ಮೇಲೆ ಆಣೆಯಿಡುವ ಮಾತು. 1835ರಲ್ಲಿ ಡೇವಿಡ್ ಸಾಲಮನ್ಸನು ಲಂಡನ್ನಿನ ಶೆರೀಫನಾಗಿ ಚುನಾಯಿತನಾದಾಗ, ಆತನು ಆ ಮಾತನ್ನಾಡದೆ ಅಧಿಕಾರವನ್ನು ಸ್ವೀಕರಿಸಲು ಸಾಧ್ಯವಾಗುವಂತೆ ಪಾರ್ಲಿಮೆಂಟು ಅದೇ ವರ್ಷ ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಎರಡು ವರ್ಷಗಳ ಮೇಲೆ ಮೋಸೆಸ್ ಮಾಂಟಿಫಿಯೋರೆಯೂ ಅದೇ ಪದವಿಗೆ ಬಂದನು. ಯೆಹೂದ್ಯರು ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವಂತಾದುದು 1858ರಲ್ಲಿ ಎಂಬುದನ್ನು ನೆನೆದರೆ, ಶೆರೀಫನ ಬಾಗಿಲು ಅದಕ್ಕಿಂತ ಎರಡು ದಶಕಗಳ ಮೊದಲೇ ತೆರೆದುದು ಸಣ್ಣ ಸಂಗತಿಯಲ್ಲ.

ಧರ್ಮಪರೀಕ್ಷೆಯು ಎಂತಹವನನ್ನು ಹೊರಗಿಡುತ್ತಿದ್ದಿತೆಂಬುದಕ್ಕೆ ಜಾನ್ ಹೋವರ್ಡನಿಗಿಂತ ದೊಡ್ಡ ನಿದರ್ಶನವು ಬೇಕಾಗಿಲ್ಲ. 1773ರಲ್ಲಿ ಬೆಡ್‌ಫರ್ಡ್‌ಷೈರಿನ ಶೆರೀಫನಾಗಿ ನೇಮಕವಾದ ಈತನು ರಾಜಮಾನ್ಯ ಚರ್ಚಿನವನಲ್ಲ. ಕಾನೂನಿನ ಅಕ್ಷರವನ್ನು ಹಿಡಿದವರು ಯಾರಾದರೂ ದಾವೆ ಹೂಡಿದ್ದರೆ ದೊಡ್ಡ ದಂಡವನ್ನು ತೆರಬೇಕಾಗುತ್ತಿತ್ತು. ಆ ಅಪಾಯವನ್ನು ತಿಳಿದೇ ಅಧಿಕಾರವನ್ನು ವಹಿಸಿದನು. ಅವನಿಗಿಂತ ಹಿಂದಿನ ಶೆರೀಫರು ಸೆರೆಮನೆಯ ಕೆಲಸವನ್ನು ಕೈಕೆಳಗಿನವರಿಗೆ ಬಿಟ್ಟು, ಕಾಲಾಳುಗಳ ಸಮವಸ್ತ್ರ, ನ್ಯಾಯಾಧೀಶರ ಔತಣ ಇವುಗಳಲ್ಲಿ ವರ್ಷವನ್ನು ಕಳೆಯುತ್ತಿದ್ದರು. ಹೋವರ್ಡನು ಸೆರೆಮನೆಯೊಳಗೆ ಕಾಲಿಟ್ಟನು. ನ್ಯಾಯಾಲಯವು ನಿರ್ದೋಷಿಗಳೆಂದು ಬಿಟ್ಟವರು ಸಹ, ಸೆರೆಮನೆಯ ಅಧಿಕಾರಿಗೆ ಕೊಡಬೇಕಾದ ಶುಲ್ಕವನ್ನು ಕೊಡಲಾರದೆ ಒಳಗೇ ಕೊಳೆಯುತ್ತಿದ್ದುದನ್ನು ಕಂಡು ಆತನು ತಳಮಳಿಸಿದನು. ಪಕ್ಕದ ಕೌಂಟಿಗಳಲ್ಲಿ ಹೇಗಿದೆಯೋ ನೋಡೋಣವೆಂದು ಹೊರಟವನು ಇಂಗ್ಲೆಂಡನ್ನೂ ಯೂರೋಪನ್ನೂ ಸುತ್ತಿದನು. ಮರುವರ್ಷವೇ ಪಾರ್ಲಿಮೆಂಟು ಅಂತಹ ಶುಲ್ಕಗಳನ್ನು ರದ್ದುಗೊಳಿಸಿತು. 1777ರಲ್ಲಿ ಸೆರೆಮನೆಗಳ ಸ್ಥಿತಿಯನ್ನು ಕುರಿತ ಅವನ ಗ್ರಂಥವು ಪ್ರಕಟವಾಯಿತು. ಮ್ಯಾಗ್ನಾ ಕಾರ್ಟಾವು ಬಯಸಿದ, ಕಾನೂನನ್ನು ಚೆನ್ನಾಗಿ ಪಾಲಿಸುವ ಮನಸ್ಸಿನವನು ಇಂಗ್ಲೆಂಡಿಗೆ ದೊರೆತುದು ಕಾನೂನು ಕಣ್ಣುಮುಚ್ಚಿಕೊಂಡುದರಿಂದ ಎಂಬುದು ಎಷ್ಟು ಯೋಚಿಸಿದರೂ ಮನಸ್ಸನ್ನು ಬಿಟ್ಟುಹೋಗುವುದಿಲ್ಲ.

ಸ್ತ್ರೀಯರ ವಿಷಯದಲ್ಲಿ ಮಧ್ಯಯುಗವು ನಂತರದ ಯುಗಗಳಿಗಿಂತ ಉದಾರವಾಗಿದ್ದ ಸಂದರ್ಭಗಳೂ ಇವೆ. 1216ರಲ್ಲಿ ಜಾನ್ ದೊರೆಯು ಸಾಯುವ ಮುನ್ನ ಲಿಂಕನ್‌ಷೈರಿನ ಶೆರೀಫಳನ್ನಾಗಿ ನೇಮಿಸಿದ ನಿಕೊಲಾ ದೆ ಲಾ ಹೇ ಎಂಬ ವೃದ್ಧೆಯು ಮರುವರ್ಷ ಲಿಂಕನ್ನಿನ ಕೋಟೆಯನ್ನು ಮುತ್ತಿಗೆಯಿಂದ ಕಾಪಾಡಿದಳು. ವೆಸ್ಟ್‌ಮರ್ಲೆಂಡಿನಲ್ಲಿ ಈ ಪದವಿಯು ವಂಶಪಾರಂಪರ್ಯವಾಗಿ ಕ್ಲಿಫರ್ಡ್ ಮನೆತನಕ್ಕೆ ಸೇರಿದ್ದುದರಿಂದ, ಹದಿನೇಳನೆಯ ಶತಮಾನದಲ್ಲಿ ಲೇಡಿ ಆನ್ ಕ್ಲಿಫರ್ಡಳು ತನ್ನ ಪಿತ್ರಾರ್ಜಿತದೊಡನೆ ಅದನ್ನೂ ಪಡೆದು ನಡೆಸಿದಳು. ಇವು ಜನ್ಮದಿಂದಲೋ ಯುದ್ಧದ ಅನಿವಾರ್ಯದಿಂದಲೋ ಬಂದ ಅಪವಾದಗಳು. ಹೆಣ್ಣೆಂಬ ಕಾರಣದಿಂದ ಸಾರ್ವಜನಿಕ ಅಧಿಕಾರಕ್ಕೆ ಯಾರೂ ಅನರ್ಹರಲ್ಲವೆಂಬ ಸಾಮಾನ್ಯ ಶಾಸನವು ಬಂದುದು 1919ರಲ್ಲಿ.

ಸ್ಕಾಟ್ಲೆಂಡಿನ ಶೆರೀಫನು ಬೇರೆಯೇ ಜಾತಿಯವನು. ಅಲ್ಲಿ ಆತನು ನ್ಯಾಯಾಧೀಶ. 1745ರಲ್ಲಿ ಅಲ್ಲಿ ದೊರೆಯ ವಿರುದ್ಧ ಎದ್ದ ದಂಗೆಯು ಅಡಗಿದ ಮೇಲೆ, ಕುಲನಾಯಕರ ಕೈಯಲ್ಲಿದ್ದ ಪಾರಂಪರ್ಯದ ನ್ಯಾಯಾಧಿಕಾರವನ್ನು ಕಿತ್ತುಹಾಕಿದ ಶಾಸನವು, ಶೆರೀಫ್ ಡೆಪ್ಯೂಟನಾಗುವವನು ಮೂರು ವರ್ಷಗಳಾದರೂ ವಕೀಲನಾಗಿ ನಡೆದಿರಬೇಕೆಂದಿತು. ಕಾದಂಬರಿಕಾರ ವಾಲ್ಟರ್ ಸ್ಕಾಟನು 1799ರಲ್ಲಿ ಸೆಲ್‌ಕರ್ಕ್‌ಷೈರಿಗೆ ಶೆರೀಫನಾದುದು, ಕವಿತೆಯ ಬಲದಿಂದಲ್ಲ, ಏಳು ವರ್ಷಗಳ ವಕೀಲಿಯಿಂದ. ಕೌಂಟಿಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ವಾಸಿಸಬೇಕೆಂಬ ನಿಬಂಧನೆಯನ್ನು ಮೇಲಿನವರು ನೆನಪಿಸಿದುದರಿಂದಲೇ ಅವನು 1804ರಲ್ಲಿ ಆಶಿಸ್ಟೀಲಿನಲ್ಲಿ ಮನೆ ಹಿಡಿದನು. 2014ರ ಕಾಯಿದೆಯಂತೆ ಇಂದು ಹತ್ತು ವರ್ಷಗಳ ವಕೀಲವೃತ್ತಿಯು ಆ ಪದವಿಗೆ ಕನಿಷ್ಠ ಯೋಗ್ಯತೆ.

ನಮ್ಮ ದೇಶಕ್ಕೆ ಈ ಪದವಿಯು ಬಂದುದು ಈಸ್ಟ್ ಇಂಡಿಯಾ ಕಂಪೆನಿಯ ಮೂರು ನಗರಗಳಾದ ಕಲ್ಕತ್ತೆ, ಮದರಾಸು, ಮುಂಬಯಿಗಳ ನ್ಯಾಯಾಲಯಗಳ ಬೆನ್ನುಹಿಡಿದು. 1774ರಲ್ಲಿ ಕಲ್ಕತ್ತೆಗೆ ಸುಪ್ರೀಂ ಕೋರ್ಟನ್ನು ಕೊಟ್ಟ ರಾಜಸನದಿನ ಪ್ರಕಾರ, ನಗರದಲ್ಲಿ ಅಥವಾ ಅದರ ಪರಿಸರದಲ್ಲಿ ವಾಸಿಸುವ ಮೂವರ ಹೆಸರನ್ನು ನ್ಯಾಯಾಧೀಶರು ವರ್ಷಕ್ಕೊಮ್ಮೆ ಸೂಚಿಸಬೇಕು, ಗವರ್ನರ್ ಜನರಲನ ಸಭೆಯು ಅವರಲ್ಲಿ ಒಬ್ಬನನ್ನು ಆರಿಸಬೇಕು. ಕೌಂಟಿಯೊಳಗಣ ಭೂಮಿಯ ನಿಬಂಧನೆಯು ಸಮುದ್ರವನ್ನು ದಾಟುವಾಗ ಬರಿಯ ವಾಸದ ನಿಬಂಧನೆಯಾಗಿ ಸಡಿಲಿತು. ಪರದೇಶದಿಂದ ಬಂದ ವರ್ತಕರ ಗುಂಪಿನಲ್ಲಿ ಅದಕ್ಕಿಂತ ಹೆಚ್ಚಿನದನ್ನು ಕೇಳುವಂತೆಯೂ ಇರಲಿಲ್ಲ. 1775ರ ಆಗಸ್ಟ್ 5ರಂದು, ಆ ಕೋರ್ಟಿನ ತೀರ್ಪಿನಂತೆ, ಮಹಾರಾಜ ನಂದಕುಮಾರನನ್ನು ಗಲ್ಲಿಗೇರಿಸಿದಾಗ, ಶೆರೀಫನಾಗಿ ಅಲ್ಲಿ ನಿಲ್ಲಬೇಕಾದವನು ಅಲೆಗ್ಸಾಂಡರ್ ಮ್ಯಾಕ್ರಾಬಿ. ಸಾವಿಗೆ ಅಳುಕದ ಆ ಬ್ರಾಹ್ಮಣನ ಶಾಂತಿಯನ್ನು ಕಂಡು ಬೆರಗಾಗಿ ಆತನು ಬರೆದಿಟ್ಟ ವೃತ್ತಾಂತವು ಇಂದಿಗೂ ಓದುವವರನ್ನು ಕಲಕುತ್ತದೆ. ಮುಂದೆ ನೂರು ವರ್ಷಗಳ ಮೇಲೆ, 1874ರಲ್ಲಿ, ದಿಗಂಬರ ಮಿತ್ರರು ಕಲ್ಕತ್ತೆಯ ಮೊದಲನೆಯ ಬಂಗಾಳಿ ಶೆರೀಫರಾದರು.

ಕನ್ನಡನಾಡಿಗೆ ಈ ಪದವಿಯ ನೆರಳು ಬಿದ್ದುದು ಕಡಮೆ. ಮಂಗಳೂರು ಬಳ್ಳಾರಿಗಳು ಮದರಾಸಿನ ಆಡಳಿತದಲ್ಲಿಯೂ, ಧಾರವಾಡ ಬೆಳಗಾವಿಗಳು ಮುಂಬಯಿಯ ಆಡಳಿತದಲ್ಲಿಯೂ ಇದ್ದ ಕಾಲದಲ್ಲಿ ಸಹ, ಆ ನಗರಗಳ ಶೆರೀಫರ ಅಧಿಕಾರವು ನಗರದ ಎಲ್ಲೆಯನ್ನು ದಾಟಿ ನಮ್ಮವರೆಗೆ ಬರಲಿಲ್ಲ. ಡಿಕ್ರಿಯನ್ನು ಜಾರಿಮಾಡಲು ನಮ್ಮ ಹಳ್ಳಿಗಳಿಗೆ ಬರುತ್ತಿದ್ದವರು ಮುನಸೀಫ್ ಕೋರ್ಟಿನ ಅಮೀನರು; ಅವರ ಮೇಲಿನವನು ನಾಜರ. ಮೈಸೂರು ಸೀಮೆಯಲ್ಲಿ ತಾಲ್ಲೂಕಿನ ದೊರೆಯೆಂದರೆ ಅಮಲ್ದಾರ. ಆ ನಗರಗಳಲ್ಲಿಯಾದರೋ ಪದವಿಯು ಸ್ವಾತಂತ್ರ್ಯದ ಮೇಲೆಯೂ ಉಳಿದಿದ್ದಿತು: ಮದರಾಸಿನಲ್ಲಿ ಮೇರಿ ಕ್ಲಬ್‌ವಾಲಾ ಜಾಧವ್ ಅವರು 1956ರಲ್ಲಿ ಶೆರೀಫರಾದರು. ಆ ನಗರದಲ್ಲಿ ಪದವಿಯೇ 1998ರಲ್ಲಿ ರದ್ದಾಯಿತು. ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಅದು ಗೌರವದ ಪದವಿಯಾಗಿ ಮುಂದುವರಿಯಿತು. ನಟ ದಿಲೀಪ್ ಕುಮಾರ್, ಕ್ರಿಕೆಟ್ಟಿನ ಸುನಿಲ್ ಗಾವಸ್ಕರ್ ಮುಂಬಯಿಯಲ್ಲಿ, ರವೀಂದ್ರ ಸಂಗೀತದ ಸುಚಿತ್ರಾ ಮಿತ್ರ ಕಲ್ಕತ್ತೆಯಲ್ಲಿ ಅದನ್ನು ಅಲಂಕರಿಸಿದರು. ಜಪ್ತಿಯೂ ಇಲ್ಲ, ಸೆರೆಮನೆಯೂ ಇಲ್ಲವೆಂದ ಮೇಲೆ ಲೋಕದ ಆದರವೇ ಸಾಕಾದ ಅರ್ಹತೆಯಾಗುವುದು ಸಹಜ. ಇಂಗ್ಲೆಂಡಿನಲ್ಲಿಯೂ ಹೈ ಶೆರೀಫನ ಇಂದಿನ ಸ್ಥಿತಿ ಹೆಚ್ಚುಕಡಮೆ ಇದೇ: ನವೆಂಬರ್ 12ರಂದು ಲಂಡನ್ನಿನ ನ್ಯಾಯಾಲಯದಲ್ಲಿ ಹೆಸರುಗಳನ್ನು ಓದುವರು, ಆಮೇಲೆ ದೊರೆಯು ಚರ್ಮದ ಸುರುಳಿಯ ಮೇಲಿನ ಹೆಸರಿಗೆ ದಬ್ಬಳದಿಂದ ಚುಚ್ಚಿ ಆರಿಸುವನು, ಭೂಮಿಯ ನಿಬಂಧನೆಯು ಕಾಯಿದೆಯಲ್ಲಿ ಉಳಿದಿದೆ, ಆದರೆ ಡಿಕ್ರಿಗಳನ್ನು ಜಾರಿಮಾಡುವ ಕೆಲಸವು ಈ ಶತಮಾನದ ಆರಂಭದಲ್ಲಿ ಬೇರೆ ಅಧಿಕಾರಿಗಳ ಪಾಲಾಗಿದೆ.

ಹಳೆಯ ಶೆರೀಫನ ಖಡ್ಗವು ಹರಿತವಾಗಿಯೇ ಉಳಿದಿರುವುದು ಅಮೆರಿಕದಲ್ಲಿ. ಮೂರು ಸಾವಿರಕ್ಕೂ ಮಿಕ್ಕ ಶೆರೀಫರು ಅಲ್ಲಿದ್ದಾರೆ. ಅವರಲ್ಲಿ ಬಹುತೇಕರು ಕೌಂಟಿಯ ಮತದಾರರಿಂದ ಚುನಾಯಿತರಾದವರು. ಬಂಧಿಸುವ ಅಧಿಕಾರವೂ, ಅನೇಕ ಕಡೆ ಸೆರೆಮನೆಯ ಆಡಳಿತವೂ ಅವರದು. ಪ್ರಜಾಪ್ರಭುತ್ವದ ನಾಡಿನಲ್ಲಿ ಭೂಮಿಯ ನಿಬಂಧನೆಯನ್ನು ಇಡುವಂತಿರಲಿಲ್ಲವಾದುದರಿಂದ, ಅದರ ಸ್ಥಾನಕ್ಕೆ ಜಾಮೀನಿನ ಮುಚ್ಚಳಿಕೆಯು ಬಂದಿತು. ಅಧಿಕಾರವನ್ನು ವಹಿಸುವ ಮುನ್ನ ಶೆರೀಫನು ಇಷ್ಟು ಹಣಕ್ಕೆ ಜಾಮೀನು ಕೊಡಬೇಕು, ಕರ್ತವ್ಯದಲ್ಲಿ ತಪ್ಪಿದರೆ ನೊಂದವರಿಗೆ ಅದರಿಂದ ಪರಿಹಾರವೆಂಬ ನಿಯಮವು ಅನೇಕ ರಾಜ್ಯಗಳಲ್ಲಿದೆ. ಮೂರು ವರ್ಷಗಳ ವಿರಾಮದ ನಿಯಮವೂ ಅಟ್ಲಾಂಟಿಕನ್ನು ದಾಟಿದ್ದಿತು: ನ್ಯೂಯಾರ್ಕಿನ 1846ರ ಸಂವಿಧಾನವು, ಶೆರೀಫನು ಬೇರೆ ಹುದ್ದೆಯನ್ನು ಹೊಂದಕೂಡದು, ಅವಧಿಯು ತೀರಿದ ಮೇಲೆ ಮೂರು ವರ್ಷ ಪುನಃ ಅರ್ಹನಲ್ಲ ಎಂದು ಹೇಳಿತು. ಮುಂದೆ ರಾಷ್ಟ್ರಾಧ್ಯಕ್ಷನಾದ ಗ್ರೋವರ್ ಕ್ಲೀವ್‌ಲೆಂಡನು 1871ರಿಂದ 1873ರವರೆಗೆ ಈರೀ ಕೌಂಟಿಯ ಶೆರೀಫನಾಗಿ, ಇಬ್ಬರ ಗಲ್ಲುಶಿಕ್ಷೆಯನ್ನು ಬೇರೆಯವರಿಗೆ ವಹಿಸದೆ ತಾನೇ ನಡೆಯಿಸಿ, ಅವಧಿಯು ಮುಗಿದೊಡನೆ ವಕೀಲಿಗೆ ಹಿಂದಿರುಗಿದುದು ಈ ಸಂವಿಧಾನದ ಅಡಿಯಲ್ಲಿಯೇ.

ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ನಡೆದಿರುವ ವಾದವು ವೃತ್ತಿಶಿಕ್ಷಣವನ್ನು ಕುರಿತದ್ದು. ಕ್ಯಾಲಿಫೋರ್ನಿಯದಲ್ಲಿ 1989ರವರೆಗೆ ಕೌಂಟಿಯ ಯಾವ ಮತದಾರನೂ ಶೆರೀಫನ ಸ್ಥಾನಕ್ಕೆ ನಿಲ್ಲಬಹುದಾಗಿದ್ದಿತು. ಆ ವರ್ಷ ಜಾರಿಗೆ ಬಂದ ಕಾನೂನಿನಂತೆ, ಪೊಲೀಸ್ ತರಬೇತಿಯ ಮಂಡಲಿಯು ಕೊಡುವ ಉನ್ನತ ಪ್ರಮಾಣಪತ್ರವಿರಬೇಕು. ಇಲ್ಲವಾದರೆ ವಿದ್ಯೆ ಹೆಚ್ಚಿದಷ್ಟು ಅನುಭವ ಕಡಮೆಯಾದರೂ ಸಾಕೆಂಬ ಒಂದು ತಕ್ಕಡಿ: ಸ್ನಾತಕೋತ್ತರ ಪದವೀಧರನಿಗೆ ಒಂದು ವರ್ಷದ, ಪದವೀಧರನಿಗೆ ಎರಡು ವರ್ಷಗಳ, ಹೈಸ್ಕೂಲನ್ನು ಮುಗಿಸಿದವನಿಗೆ ನಾಲ್ಕು ವರ್ಷಗಳ ಸೇವೆ. ಜಾರ್ಜಿಯದಲ್ಲಿ ಇಪ್ಪತ್ತೈದು ವಯಸ್ಸಾಗಿರಬೇಕು. ಒಹೈಯೊದಲ್ಲಿ ಬೆರಳಚ್ಚನ್ನು ಒಪ್ಪಿಸಿ ಹಿಂದಿನ ನಡವಳಿಕೆಯ ಶೋಧನೆಗೆ ಒಳಗಾಗಬೇಕು. ಮತದಾರರ ಆಯ್ಕೆಯನ್ನು ಮೊಟಕುಗೊಳಿಸಿ, ಪೊಲೀಸರೊಳಗಿನವರೇ ಪೊಲೀಸರ ಒಡೆಯರಾಗುವ ವ್ಯವಸ್ಥೆಯಿದು ಎಂಬ ಆಕ್ಷೇಪಣೆಯು ತಳ್ಳಿಹಾಕುವಂತಹುದಲ್ಲ. ಹೊರಗಿನಿಂದ ಬಂದವನಾದುದರಿಂದಲೇ ಹೋವರ್ಡನು ಸೆರೆಮನೆಯ ನೋವನ್ನು ಕಂಡನು. ಆದರೂ ಬಂದೂಕನ್ನು ಹಿಡಿದ ನೂರಾರು ಜನರ ಮೇಲೆ ಯಜಮಾನಿಕೆ ಮಾಡುವವನು ಕಾನೂನಿನ ಓನಾಮವನ್ನಾದರೂ ಕಲಿತಿರಲಿ ಎಂಬುದನ್ನು ನಾನು ಒಪ್ಪುತ್ತೇನೆ.

ಉತ್ತರ ಕ್ಯಾರೊಲೈನದ ಜನರು 2010ರಲ್ಲಿ ತಮ್ಮ ಸಂವಿಧಾನವನ್ನು ತಿದ್ದಿ, ಘೋರಾಪರಾಧದ ಶಿಕ್ಷೆಗೆ ಒಳಗಾದವನು ಶೆರೀಫನಾಗಲಾರನೆಂದು ಭಾರಿ ಬಹುಮತದಿಂದ ನಿಶ್ಚಯಿಸಿದರು. ಅಪರಾಧಿಗಳನ್ನು ಹಿಡಿಯುವ ಪದವಿಗೆ ಇಂತಹ ನಿಷೇಧವು ಅದುವರೆಗೆ ಅಲ್ಲಿ ಇರಲಿಲ್ಲವೆಂಬುದೇ ಸೋಜಿಗ. ಆದರೆ ಅದೇ ರಾಜ್ಯದ ಶಾಸನಸಂಹಿತೆಯು, ಶೆರೀಫನು ಕೊಡಬೇಕಾದ ಜಾಮೀನು ಇಪ್ಪತ್ತೈದು ಸಾವಿರ ಡಾಲರಿಗೆ ಮೀರಬಾರದೆಂದು ಮಿತಿಯನ್ನು ಕಟ್ಟಿದೆ. 1316ರ ಶೆರೀಫನು ತನ್ನ ಹೊಲಗದ್ದೆಗಳನ್ನೆಲ್ಲ ಒಡ್ಡಿ ನಿಂತಿದ್ದನು. ಇಂದಿನ ಶೆರೀಫನ ಮುಚ್ಚಳಿಕೆಯ ಮೊತ್ತವಾದರೋ ಒಂದು ಸಾಮಾನ್ಯ ಮೋಟಾರು ಕಾರಿನ ಬೆಲೆಯನ್ನೂ ಮುಟ್ಟುವುದು ಸಂದೇಹ. ಅರ್ಹತೆಯನ್ನು ಕುರಿತು ಅಮೆರಿಕದಲ್ಲಿ ನಡೆಯುತ್ತಿರುವ ಚರ್ಚೆಯಲ್ಲಿ ಪ್ರಮಾಣಪತ್ರಕ್ಕೂ ಪದವಿಗೂ ದೊರೆಯುತ್ತಿರುವ ಗಮನದ ನಾಲ್ಕರಲ್ಲೊಂದು ಪಾಲು ಈ ಜಾಮೀನಿಗೆ ದೊರೆತರೂ, ಸೆರೆಮನೆಯಲ್ಲಿ ಪೆಟ್ಟುತಿಂದವನಿಗೂ ತಪ್ಪು ಜಪ್ತಿಯಿಂದ ಮನೆಮಾರು ಕಳೆದುಕೊಂಡವನಿಗೂ ಹೆಚ್ಚಿನ ಪ್ರಯೋಜನವಾದೀತೆಂದು ನನಗೆ ತೋರುತ್ತದೆ. ಆ ಮಿತಿಯನ್ನು ಏರಿಸಲು ಸಂವಿಧಾನವನ್ನು ತಿದ್ದಬೇಕಾದುದಿಲ್ಲ. ಶಾಸನಸಭೆಯ ಸಾಧಾರಣ ಬಹುಮತವೇ ಸಾಕು.